ಹನ್ನೊಂದು ಲೀಟರಿನ ದಾರಿ

ಕಣ್ಣು ಬಿಡುವ ಮೊದಲೇ ಲೆಕ್ಕ ಶುರುವಾಗಿತ್ತು. ಹೊಳಲ್ಕೆರೆಯಿಂದ ಚಿಕ್ಕಮ್ಮನ ಹಟ್ಟಿಗೆ ಇಷ್ಟು, ಹಟ್ಟಿಯಿಂದ ದುರ್ಗಕ್ಕೆ ಇಷ್ಟು, ಮತ್ತೆ ಬಂದ ದಾರಿಯಲ್ಲೇ ಹಿಂದಕ್ಕೆ ಇಷ್ಟು ಎಂದು, ಪಕ್ಕದ ಕೋಣೆಯಲ್ಲಿ ಯಾರೋ ಕೂತು ಮಗ್ಗಿ ಹೇಳುತ್ತಿರುವ ಹಾಗೆ ಅದು ತನ್ನ ಪಾಡಿಗೆ ನಡೆದಿತ್ತು. ದನದ ಡಾಕ್ಟರು ಚಿತ್ತಯ್ಯ ಹಾಸಿಗೆಯ ಮೇಲೆ ಹಾಗೇ ಬಿದ್ದುಕೊಂಡು, ಇವತ್ತು ಒಂದು ದಿನವಾದರೂ ಲೆಕ್ಕ ಹಾಕಬಾರದು ಎಂದುಕೊಂಡ. ಅಂದುಕೊಂಡ ಮರುಗಳಿಗೆಯೇ ನೂರಹತ್ತು ಕಿಲೋಮೀಟರು, ಹನ್ನೊಂದು ಲೀಟರು, ಮೂವತ್ತಾರು ರೂಪಾಯಿ ಮೂವತ್ತು ಪೈಸೆ ಎಂದು ಉತ್ತರ ಬಂದು ನಿಂತಿತು. ಕಾರು ಕೊಂಡು ಎರಡು ತಿಂಗಳು, ಲೈಸೆನ್ಸು ಕೈಗೆ ಬಂದು ಆರು ವಾರ. ಅಷ್ಟರಲ್ಲಿ ಅವನ ಪಾಲಿಗೆ ಯಾವ ಊರೂ ಊರಾಗಿ ಉಳಿದಿರಲಿಲ್ಲ. ಹೊಸದುರ್ಗ ಎಂದರೆ ಮೂರು ಲೀಟರು, ಹಿರಿಯೂರು ಎಂದರೆ ಏಳು, ಹೊರಕೆರೆದೇವಪುರದ ದೇವರು ಕೂಡ ಎರಡು ಲೀಟರಿನ ಆಚೆ ಕೂತಿದ್ದ. ಹೆಂಡತಿ ಕಾಫಿ ತಂದಿಟ್ಟು, "ರಜ ಹಾಕಿದೀರಂತೆ" ಎಂದಳು. ಚಿಕ್ಕಮ್ಮನನ್ನು ದುರ್ಗದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಎಂದ. "ಅವರು ಕರೆದಿದಾರಾ?" ಎಂದಳು. ಇಲ್ಲ ಎಂದ. "ಕರೀದೇ ಹೋಗ್ತೀರಾ?" ಎಂದಳು. ಕಾಫಿ ಆರಿತ್ತು, ಆದರೂ ಕುಡಿದ.

ಈ ಲೆಕ್ಕದ ರೋಗ ಅಂಟಿದ್ದು ಹೊಸದುರ್ಗದ ದಾರಿಯಲ್ಲಿ. ಲೈಸೆನ್ಸು ಬಂದ ಮೊದಲ ವಾರವೇ ಮೇಲಿನ ಸಾಹೇಬರೊಬ್ಬರು ತಪಾಸಣೆಗೆ ಬಂದಿದ್ದರು. ಬಸ್ಸು ಯಾಕೆ ಸಾರ್, ನನ್ನ ಗಾಡಿ ಇದೆಯಲ್ಲ ಎಂದು ತಾನಾಗಿಯೇ ಮೈಮೇಲೆ ಎಳೆದುಕೊಂಡಿದ್ದ. ಹಳೆಯ ಕಾರು, ಅದರ ಮೀಟರು ಹೇಳುವುದು ಮೈಲಿ, ರಸ್ತೆಯ ಕಲ್ಲು ಹೇಳುವುದು ಕಿಲೋಮೀಟರು, ಮಾರಿ ಹೋದ ಇಂಜಿನಿಯರು ಹೇಳಿದ್ದು ಗ್ಯಾಲನ್ನಿಗೆ ಇಪ್ಪತ್ತೆಂಟು ಎಂದು, ಬಂಕಿನಲ್ಲಿ ಹಾಕುವುದು ಲೀಟರು. ಪೆಟ್ರೋಲು ತೋರಿಸುವ ಮುಳ್ಳಂತೂ ಯಾವ ಕಾಲದಲ್ಲೋ ಕೆಟ್ಟು ಸೊನ್ನೆಯ ಮೇಲೆ ಮಲಗಿತ್ತು. ನಾಲ್ಕು ಕಡೆಯ ನಾಲ್ಕು ಮಾತನ್ನು ತಲೆಯಲ್ಲಿ ಕಲಸಿ, ಹೋಗುವುದಕ್ಕೆ ಎರಡು ಲೀಟರು ಧಾರಾಳ ಎಂದು ತೀರ್ಮಾನಿಸಿದ್ದ. ಹೊಸದುರ್ಗ ಇನ್ನೂ ಎರಡು ಹರದಾರಿ ಇರುವಾಗ ಕಾರು ಕೆಮ್ಮಿ ನಿಂತಿತು. ಕೊನೆಗೆ ಎತ್ತಿನ ಗಾಡಿಯವನೊಬ್ಬ ಮಿಣಿ ಕಟ್ಟಿ ಎಳೆದ. ಎಳೆಯುವ ಮುಂಚೆ ಕಾರಿನ ಸುತ್ತ ಒಂದು ಸುತ್ತು ಬಂದು, "ಏನ್ ಡಾಕ್ಟ್ರೇ, ಇದಕ್ಕೆ ಬೆಳಿಗ್ಗೆ ಮೇವು ಹಾಕ್ಲಿಲ್ವಾ?" ಎಂದ. ಸಾಹೇಬರು ಬೈದಿದ್ದರೆ ಮರೆತುಬಿಡಬಹುದಿತ್ತು, ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎತ್ತುಗಳ ಹಿಂದೆ ಸ್ಟಿಯರಿಂಗು ಹಿಡಿದು ಕೂತು ಸಂತೆಯ ಜನರ ನಡುವೆ ಹೊಸದುರ್ಗ ಹೊಕ್ಕ ಆ ಅರ್ಧ ಗಂಟೆಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅಲ್ಲಿಂದ ಮುಂದೆ ಜೇಬಿನಲ್ಲಿ ಒಂದು ಪುಸ್ತಕ, ಒಂದು ಪೆನ್ಸಿಲು. ಎಲ್ಲಿಗೆ ಹೊರಟರೂ ಮೊದಲು ಲೆಕ್ಕ, ಆಮೇಲೆ ಕೀಲಿಕೈ. ಎಣ್ಣೆಯ ದೇಶಗಳಲ್ಲಿ ಏನೋ ಆಗಿ ಪೆಟ್ರೋಲಿನ ಬೆಲೆ ಮೂರು ರೂಪಾಯಿ ದಾಟಿದ ಮೇಲೆ ಲೆಕ್ಕ ಇನ್ನೂ ಬಿಗಿಯಾಯಿತು. ಇಳಿಜಾರು ಸಿಕ್ಕಿದರೆ ಇಂಜಿನ್ನು ಆರಿಸಿ ಕಾರನ್ನು ಅದರ ಪಾಡಿಗೆ ಉರುಳಲು ಬಿಡುವುದನ್ನೂ ಕಲಿತ.

ಕಾರು ಬಡಾವಣೆಯ ರಸ್ತೆ ಬಿಟ್ಟು ದುರ್ಗದ ರಸ್ತೆಗೆ ಹತ್ತಿತು. ಎರಡನೇ ಗೇರಿನಿಂದ ಮೂರಕ್ಕೆ ಹಾಕುವಾಗ ಯಾವತ್ತಿನಂತೆ ಕರಕರ ಎಂದಿತು, ಯಾರಾದರೂ ನೋಡಿದರೇ ಎಂದು ಅವನು ಯಾವತ್ತಿನಂತೆ ಅಕ್ಕಪಕ್ಕ ನೋಡಿದ. ಚಿಕ್ಕಮ್ಮನ ಮಗ ಜುಂಜಣ್ಣ ಬಂದು ಹೋಗಿ ಇವತ್ತಿಗೆ ಹದಿನಾರು ದಿನ. ದನದ ಆಸ್ಪತ್ರೆಯ ಜಗಲಿಯ ಮೇಲೆ ಕೋಲನ್ನು ಗೋಡೆಗೆ ಆನಿಸಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಒಳಗೆ ಬಾ, ಕುರ್ಚಿಯ ಮೇಲೆ ಕೂತುಕೋ ಎಂದರೂ ಬರಲಿಲ್ಲ. "ಅವ್ವಂಗೆ ಎರಡೂ ಕಣ್ಣಿಗೆ ಪರೆ ಬಂದೈತಣ್ಣ. ಮುಂದೆ ಕುರಿ ನಿಂತ್ರೂ ಕಾಣಲ್ಲ. ದುರ್ಗದಾಗೆ ಆಪರೇಸನ್ ಮಾಡ್ತಾರಂತೆ. ನಿನ್ನ ಕಾರ್ನಾಗೆ ಕರ್ಕಂಡ್ ಹೋಗಾಣ ಅಂತ" ಎಂದಿದ್ದ. ಆಗಲಿ ಎಂದು ಚಿತ್ತಯ್ಯ ಅನ್ನಲಿಲ್ಲ. ಅನ್ನಬಾರದೆಂದೇನೂ ಇರಲಿಲ್ಲ. ಕೈ ತಾನಾಗಿ ಜೇಬಿಗೆ ಹೋಯಿತು, ಪುಸ್ತಕ ಹೊರಗೆ ಬಂತು, ಪೆನ್ಸಿಲಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಜುಂಜಣ್ಣನ ಕಣ್ಣೆದುರಿಗೇ ಕೂಡಿದ, ಗುಣಿಸಿದ. "ಹನ್ನೊಂದು ಲೀಟರಾಗ್ತೈತೆ ಕಣೋ. ಮೂವತ್ತಾರು ರೂಪಾಯಿ" ಎಂದ. ಹಾಗೆ ಹೇಳುವಾಗ ಅವನಲ್ಲಿದ್ದದ್ದು ಲೆಕ್ಕ ಸರಿಬಂದ ಸಮಾಧಾನ ಮಾತ್ರ. ದುಡ್ಡು ಕೇಳುವ ಯೋಚನೆ ಇರಲಿಲ್ಲ ಎಂದು ಎಷ್ಟು ಸಲ ಬೇಕಾದರೂ ಆಣೆ ಇಟ್ಟು ಹೇಳಬಲ್ಲ. ಜುಂಜಣ್ಣ ಸ್ವಲ್ಪ ಹೊತ್ತು ಅಂಗಳದಲ್ಲಿ ಕಟ್ಟಿದ್ದ ಎಮ್ಮೆಯನ್ನು ನೋಡಿದ. "ಆತು ಬಿಡಣ್ಣ" ಎಂದು ಎದ್ದು ಕೋಲು ತೆಗೆದುಕೊಂಡ.

ಆತು ಎಂದರೆ ಏನೆಂದು ತಿಳಿಯಲು ಎರಡು ದಿನ ಬೇಕಾಯಿತು, ಅದೇ ಅವನಿಗೆ ನಾಚಿಕೆ. ಅವನು ಬೆಳೆದ ಕುರಿಗಾಹಿಗಳ ಹಟ್ಟಿಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಹಿರಿಯೂರಿನ ಕುರಿಸಂತೆಯಲ್ಲಿ ದಲ್ಲಾಳಿಯ ಎದುರು ಕೂತಾಗಲೂ ಟವಲಿನ ಕೆಳಗೆ ಕೈಗೆ ಕೈ ಸೇರಿಸಿ, ಬೆರಳು ಅಮುಕಿಯೇ ಹೇಳುವುದು. ನೆಂಟರ ಮಧ್ಯೆ ಅದೂ ಇಲ್ಲ. ಕಂಬಳಿ ಬೇಕೆಂದು ಬಂದವನಿಗೆ ಕಂಬಳಿ ಕೊಡುತ್ತಾರೆ, ಇಲ್ಲದಿದ್ದರೆ ಈಗಿಲ್ಲ ಅನ್ನುತ್ತಾರೆ. ಕೊಡುವ ಮನಸ್ಸಿಲ್ಲದವನು ಮಾತ್ರ ಅದರ ಬೆಲೆ ಎತ್ತುತ್ತಾನೆ. ಬೆಲೆ ಕಿವಿಗೆ ಬಿದ್ದವನು ಎದ್ದು ಹೋಗುತ್ತಾನೆ, ಮತ್ತೆ ಆ ಮಾತು ತೆಗೆಯುವುದಿಲ್ಲ. ಇದನ್ನೆಲ್ಲ ಯಾರೂ ಅವನಿಗೆ ಕೂರಿಸಿ ಕಲಿಸಿದ್ದಲ್ಲ, ಮೊಲೆಹಾಲಿನ ಜೊತೆ ಬಂದದ್ದು. ಮೊಲೆಹಾಲೂ ಚಿಕ್ಕಮ್ಮ ಕಾಟಮ್ಮನದೇ, ಅವನ ತಾಯಿ ಹೆತ್ತ ಹನ್ನೆರಡನೇ ದಿನಕ್ಕೆ ಹೋಗಿದ್ದಳು. ಗಂಡ ಸತ್ತ ಮೇಲೆ ಕಾಟಮ್ಮ ತಾನೇ ಕುರಿ ಹೊಡೆದುಕೊಂಡು ಸಂತೆಗೆ ಹೋದವಳು. ಗಂಡಸರ ಹಾಗೆ ಟವಲಿನ ಕೆಳಗೆ ಕೈ ತೂರಿಸಿದಾಗ ದಲ್ಲಾಳಿಗಳು ನಕ್ಕಿದ್ದರಂತೆ. ಮೂರು ಸಂತೆ ಕಳೆಯುವುದರಲ್ಲಿ ಆ ನಗು ನಿಂತಿತಂತೆ. ಅಂಥವಳ ಮಗನ ಎದುರಿಗೆ ಪೆನ್ಸಿಲು ನೆಕ್ಕಿ ಮೂವತ್ತಾರು ಎಂದುಬಿಟ್ಟೆನಲ್ಲ ಎಂದು ಎದುರಿಗೆ ಬರುತ್ತಿದ್ದ ಲಾರಿಗೆ ದಾರಿ ಬಿಡುತ್ತ ಅವನು ಹಲ್ಲು ಕಚ್ಚಿದ. ಹೋಗಿ ಕಾಲು ಹಿಡಿದಿದ್ದರೆ ಆಗುತ್ತಿತ್ತು. ನಾಳೆ ಹೋಗೋಣ, ಭಾನುವಾರ ಹೋಗೋಣ ಎಂದು ದಿನ ತಳ್ಳಿದ. ನಿನ್ನೆ ಜ್ವರದ ಕುರಿ ಹೊತ್ತು ತಂದ ಹಿರೇಗುಂಟನೂರಿನ ಪಾಪಣ್ಣ ಮಾತಿನ ಮಧ್ಯೆ, "ನಿಮ್ಮ ಚಿಕ್ಕಮ್ಮ ನಾಳೆ ಸೋಮವಾರ ಬಸ್ಸಿಗೆ ದುರ್ಗಕ್ಕೆ ಹೋಗ್ತಾಳಂತಲ್ಲ. ಜುಂಜಣ್ಣ ಮಂದೆ ಹೊಡ್ಕಂಡು ಆದಿವಾಲದ ಕಡೀಕೆ ಹೋಗವ್ನೆ, ಸೊಸೆ ಒಬ್ಳೇ ಜತೀಗೆ" ಎಂದ. ಸಂಜೆಗೇ ಚಿತ್ತಯ್ಯ ಬಂಕಿಗೆ ಹೋಗಿ ಟ್ಯಾಂಕು ತುಂಬ ಹಾಕಿಸಿದ. ಎಷ್ಟು ಹಿಡಿಯಿತು ಎಂದು ನೋಡಬಾರದೆಂದು ಬೇರೆ ಕಡೆ ಮುಖ ಮಾಡಿ ನಿಂತಿದ್ದ, ದುಡ್ಡು ಕೊಡುವಾಗ ಗೊತ್ತಾಗಿಯೇ ಹೋಯಿತು.

ಹಟ್ಟಿಯವರೆಗೆ ಹೋಗುವ ಪ್ರಮೇಯವೇ ಬರಲಿಲ್ಲ. ಹಿರೇಗುಂಟನೂರಿನ ಕೈಮರದ ಹತ್ತಿರ, ಜಾಲಿಯ ಅರೆನೆರಳಿನಲ್ಲಿ ಇಬ್ಬರು ಹೆಂಗಸರು ನಿಂತಿದ್ದರು. ಒಬ್ಬಳು ಕರಿಕಂಬಳಿ ಹೆಗಲಿಗೆ ಹಾಕಿ, ಒಂದು ಕಾಲಿನ ಮೇಲೆ ಭಾರ ಬಿಟ್ಟು ಕೋಲಿಗೆ ಆನಿಕೊಂಡು ನಿಂತದ್ದನ್ನು ನೋಡಿದ ಕೂಡಲೇ ಚಿಕ್ಕಮ್ಮನೇ ಎಂದು ಅವನಿಗೆ ಗೊತ್ತಾಯಿತು. ಅವಳನ್ನು ನೋಡದ ನಾಲ್ಕು ವರ್ಷದಲ್ಲಿ ಆ ನಿಲುವು ಬದಲಾಗಿರಲಿಲ್ಲ, ಮೈ ಅರ್ಧ ಆಗಿತ್ತು. ಪಕ್ಕದವಳು ಜುಂಜಣ್ಣನ ಹೆಂಡತಿ ನಾಗಕ್ಕ ಇರಬೇಕು. ಮದುವೆಗೆ ಅವನು ಹೋಗಿರಲಿಲ್ಲ, ಇಪ್ಪತ್ತೈದು ರೂಪಾಯಿ ಮನಿಯಾರ್ಡರು ಮಾಡಿದ್ದ. ಮೂರು ಮೈಲಿ ನಡೆದು ಬಂದ ಧೂಳು ಇಬ್ಬರ ಮೊಣಕಾಲಿನವರೆಗೂ ಹತ್ತಿತ್ತು. ಬ್ರೇಕು ಒತ್ತಿ, ಕ್ಲಚ್ಚು ಮರೆತು, ಕಾರು ಒಂದು ಸಲ ಜಿಗಿದು ಆರಿತು. ಕೆಳಗಿಳಿದು ಚಿಕ್ಕವ್ವ ಎನ್ನಬೇಕು, ಅಷ್ಟೇ. ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿಟ್ಟುಕೊಂಡೇ ಬಂದಿದ್ದ. ಅಷ್ಟರಲ್ಲಿ ಕಾಟಮ್ಮ ಸದ್ದು ಬಂದ ಕಡೆ ಮುಖ ತಿರುಗಿಸಿ, ಅವನ ಕಿವಿಯಿಂದ ಒಂದು ಗೇಣು ಆಚೆ ಎಲ್ಲೋ ನೋಡುತ್ತ, "ದುರ್ಗದ ಕಡೀಗೇನಪ್ಪ? ಬಸ್ಸು ಹೋಗಿಬಿಡ್ತಂತೆ. ನಮ್ಮಿಬ್ಬರ್ನ ಹತ್ತಿಸ್ಕಂಡ್ರೆ ಎಷ್ಟು ಕೊಡ್ಬೇಕು? ಈಗ್ಲೇ ಹೇಳ್ಬಿಡ್ರಿ. ಆಮೇಲೆ ಅನ್ನದು ಬ್ಯಾಡ" ಎಂದಳು.

ಚಿತ್ತಯ್ಯ ತನ್ನದಲ್ಲದ ದಪ್ಪ ದನಿಯಲ್ಲಿ, ಪೇಟೆಯವರ ಹಾಗೆ, "ಹತ್ತಿ, ಕೂತ್ಕೊಳ್ಳಿ. ಆಮೇಲೆ ನೋಡೋಣ" ಎಂದ. ಯಾಕೆ ಹಾಗೆ ಅಂದೆ ಎಂದು ಅವನಿಗೇ ತಿಳಿಯಲಿಲ್ಲ. ಒಂದು ಫರ್ಲಾಂಗು ಹೋದ ಮೇಲೆ ಹೇಳಿದರಾಯಿತು, ಕೂತು ಸುಧಾರಿಸಿಕೊಳ್ಳಲಿ ಎಂದುಕೊಂಡ. ಕಾಟಮ್ಮ ಮೆಟ್ಟು ಕಳಚಿ ಕೈಯಲ್ಲಿ ಹಿಡಿದು, ಬಾಗಿಲನ್ನು ತಡವಿ ತಡವಿ, ಗುಡಿಯ ಹೊಸ್ತಿಲನ್ನು ಮುಟ್ಟುವ ಹಾಗೆ ಮುಟ್ಟಿ ಹಣೆಗೆ ಒತ್ತಿಕೊಂಡು ಹತ್ತಿದಳು. ನಾಗಕ್ಕ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಸೆರಗು ಮುಂದಕ್ಕೆ ಎಳೆದುಕೊಂಡಳು. ಮುಂದೆ ಒಂದು ಫರ್ಲಾಂಗು ಹೋಯಿತು, ಇನ್ನೊಂದು ಹೋಯಿತು. ಕಂಬಳಿಯ ವಾಸನೆ, ಕುರಿಹಿಕ್ಕೆ ಮತ್ತು ಒಲೆಯ ಹೊಗೆ ಬೆರೆತ ಹಳೆಯ ವಾಸನೆ, ಕಾರಿನ ತುಂಬ ಹರಡಿತು. ಚಿಕ್ಕಂದಿನಲ್ಲಿ ಚಳಿಜ್ವರ ಬಂದಾಗ ಅದೇ ಕಂಬಳಿಯೊಳಗೆ ಅವನನ್ನು ಎದೆಗೆ ಕಟ್ಟಿಕೊಂಡು ಅವಳು ಮಂದೆಯ ಹಿಂದೆ ನಡೆಯುತ್ತಿದ್ದಳು. ಅವನು ಕನ್ನಡಿಯಲ್ಲಿ ನೋಡಿದ. ಬಿಳಿಚಿದ ಎರಡು ಕಣ್ಣುಗುಡ್ಡೆಗಳು ನೇರ ಅವನನ್ನೇ ನೋಡುತ್ತಿದ್ದವು, ಏನನ್ನೂ ನೋಡುತ್ತಿರಲಿಲ್ಲ. ಕಲ್ಲು ಬಂತು. ದುರ್ಗ ಹದಿನಾರು. ಒಂದು ಲೀಟರು ಆರುನೂರು ಮಿಲಿ ಎಂದಿತು ತಲೆ, ಅವನು ತಡೆಯುವುದರೊಳಗೆ.

ಮುಂದೆ ಇಳಿಜಾರು. ಕೈ ತನ್ನ ಅಭ್ಯಾಸದಂತೆ ಗೇರು ಬಿಡಿಸಿ ಕೀಲಿ ತಿರುಗಿಸಿಬಿಟ್ಟಿತು. ಇಂಜಿನ್ನು ಆರಿದ ಮೇಲೆ ಕಾರಿನೊಳಗೆ ಏಕಾಏಕಿ ಮೌನ ತುಂಬಿತು, ಗಾಳಿಯ ಸುಯ್ ಸದ್ದು, ಹಿಂದೆ ಕಾಟಮ್ಮನ ಉಸಿರು. "ಕೆಟ್ಟೋತಾ?" ಎಂದಳು ಅವಳು. "ಇಲ್ಲ. ಇಳಿಜಾರಲ್ಲಿ ಆರಿಸ್ತೀವಿ. ಪೆಟ್ರೋಲು ಉಳೀತದೆ." "ಹೌದಾ? ನಮ್ಮಕ್ಕನ ಮಗ ಒಬ್ಬ ಅವ್ನೆ, ಹೊಳಲ್ಕೆರೆನಾಗೆ ದನದ ಡಾಕ್ಟ್ರು. ಅವನೂ ಕಾರು ತಗಂಡವ್ನಂತೆ. ಹಿಂಗೇ ಆರಿಸ್ತಾನೋ ಏನೋ" ಎಂದು ನಕ್ಕಳು. ಈಗ, ಈಗಲೇ ಹೇಳಿಬಿಡಬೇಕು ಎಂದುಕೊಂಡ. ನಾನೇ ಕಣವ್ವ ಎಂದರೆ ಅವಳು ಬೆನ್ನಿಗೊಂದು ಗುದ್ದಿ, ಲೇ ಚಿತ್ತಾ, ಎಂಥ ಆಟ ಆಡ್ತೀಯೋ ಎಂದು ಅಲ್ಲಿಗೆ ಮುಗಿಸುತ್ತಿದ್ದಳೋ ಏನೋ. ಆದರೆ ಬಾಯಿಗೆ ಬಂದದ್ದು ಬೇರೆ ಮಾತು, ಬಂದ ಮೇಲೆ ಅವನಿಗೇ ಹೇಸಿಗೆಯಾದ ಮಾತು. "ಅವರನ್ನೇ ಕರೀಬಹುದಿತ್ತಲ್ಲ?" ಎಂದ.

ನಾಗಕ್ಕ ಮೊದಲ ಸಲ ಬಾಯಿ ತೆಗೆದಳು. "ಕರೆದಿದ್ರು. ಪುಸ್ತಕ ತೆಗೆದು ಮೂವತ್ತಾರು ರೂಪಾಯಿ ಅಂದ್ರಂತೆ. ನಮ್ಮ ಯಜಮಾನ್ರು ಮನೀಗೆ ಬಂದು ಎರಡು ದಿನ ಯಾರ ಕೂಡೆನೂ ಮಾತಾಡ್ಲಿಲ್ಲ." "ಸುಮ್ಕಿರೇ" ಎಂದಳು ಕಾಟಮ್ಮ. "ನಾನ್ಯಾಕೆ ಸುಮ್ಕಿರ್ಲಿ ಅತ್ತೆ? ಹಾಲು ಕುಡ್ಸಿದ ಋಣಾನೂ ಕೂಡಿ ಕಳದು ನೋಡಿದ್ರಾ ಅಂತ ಕೇಳ್ಬೇಕಾಗಿತ್ತು." ಕಾರು ಇಳಿಜಾರಿನ ಬುಡಕ್ಕೆ ಬಂದು ವೇಗ ಕಳೆದುಕೊಳ್ಳುತ್ತಿತ್ತು. ಕೀಲಿ ತಿರುಗಿಸಬೇಕು ಎಂದು ಗೊತ್ತಿದ್ದೂ ಅವನು ತಿರುಗಿಸಲಿಲ್ಲ, ಕೇಳಿಸಿಕೊಳ್ಳಬೇಕಿತ್ತು. ಕಾಟಮ್ಮ ಯಾರಿಗೆ ಎಂದಿಲ್ಲದೆ ಹೇಳಿದಳು. "ಅವನ್ದೇನೈತೆ ತಪ್ಪು. ಸಂತೆನಾಗೆ ನನಗೆ ಮೋಸ ಮಾಡ್ತಾರೆ, ನೀನು ಲೆಕ್ಕ ಕಲ್ತು ಬಾರೋ ಅಂತ ಏಳು ಕುರಿ ಮಾರಿ ಸ್ಕೂಲಿಗೆ ಹಾಕ್ದೋಳು ನಾನೇ. ಕಲ್ತ. ಕಲ್ತಿದ್ದು ಎಲ್ಲಿಗೆ ಹೋಗ್ತೈತಪ್ಪ?" ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅದನ್ನು ಹಿಡಿದುಕೊಂಡು ಏನಾದರೂ ಹೇಳಬಹುದಿತ್ತು. ಕಾರು ನಿಂತೇಹೋಯಿತು. ಹಿಂದಿನಿಂದ ಬಂದ ಲಾರಿ ಹಾರ್ನು ಬಾರಿಸಿ, ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಬೈದು ಹೋದ. ಚಿತ್ತಯ್ಯ ಕೀಲಿ ತಿರುಗಿಸಿದ, ಎರಡು ಸಲ ಗೊರಗುಟ್ಟಿ ಮೂರನೇ ಸಲಕ್ಕೆ ಹತ್ತಿತು. ಅಲ್ಲಿಂದ ದುರ್ಗದವರೆಗೆ ಇನ್ನೂ ಎರಡು ಇಳಿಜಾರು ಬಂದವು, ಎರಡರಲ್ಲೂ ಅವನು ಇಂಜಿನ್ನು ಆರಿಸಲಿಲ್ಲ. ಸದ್ದಿನ ಮರೆ ಬೇಕಾಗಿತ್ತು.

ಕೋಟೆಯ ಬೆಟ್ಟ ಕಂಡಿತು, ಬಂಡೆಗಳ ಮೇಲೆ ಹತ್ತು ಗಂಟೆಯ ಬಿಸಿಲು. ಇನ್ನು ಹೇಳುವುದಾದರೆ ಹೇಗೆ ಹೇಳುವುದು? ಇಷ್ಟು ದೂರ ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ ಏನು ಜವಾಬು? ಮೊದಲಿನ ತಪ್ಪಾದರೂ ಬಾಯಿತಪ್ಪಿ ಆದದ್ದು. ಈಗಿನದಕ್ಕೆ ಆ ಹೆಸರೂ ಇಲ್ಲ, ಕಳ್ಳನ ಹಾಗೆ ಮರೆಯಲ್ಲಿ ಕೂತು ಅವಳ ಮನಸ್ಸಿನೊಳಗೆ ಇಣುಕಿ ನೋಡಿದ್ದಾಯಿತು. ಅವಳು ಕ್ಷಮಿಸಿದ್ದಾಳೆ ಎಂಬುದಂತೂ ಗೊತ್ತಾಗಿತ್ತು, ಆದರೆ ಆ ಕ್ಷಮೆಯನ್ನು ಮುಂದೆ ನಿಂತು ತೆಗೆದುಕೊಳ್ಳುವ ಮುಖ ಅವನಿಗೆ ಉಳಿದಿರಲಿಲ್ಲ. ಅವನಿಗೆ ತುಂಬ ದಣಿವಾಯಿತು. ಹೀಗೇ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಮಲಗಿಬಿಡಬೇಕು, ಯಾರೂ ಏನೂ ಕೇಳಬಾರದು ಎನಿಸಿತು. ದೊಡ್ಡಾಸ್ಪತ್ರೆಯ ಗೇಟಿನ ಹತ್ತಿರ, ಕಿತ್ತಳೆ ಹಣ್ಣಿನ ಗಾಡಿಯ ಪಕ್ಕ ಕಾರು ನಿಲ್ಲಿಸಿದ.

ನಾಗಕ್ಕ ಮೊದಲು ಇಳಿದು ಗಂಟು ಇಳಿಸಿಕೊಂಡಳು. ಕಾಟಮ್ಮ ಇಳಿದವಳು ಮುಂದಿನ ಕಿಟಕಿಯ ಹತ್ತಿರ ತಡವುತ್ತ ಬಂದು, ಕಂಬಳಿಯ ಒಂದು ತುದಿಯನ್ನು ಕಿಟಕಿಯ ಮೇಲೆ ಹಾಸಿ, ಅದರ ಕೆಳಗಿನಿಂದ ಕೈ ಚಾಚಿದಳು. ಅವನಿಗೆ ಅರ್ಥವಾಯಿತು. ಅವನೂ ಕೈ ಕೊಟ್ಟ. ಒರಟಾದ, ಒಣಗಿದ, ಬೆಚ್ಚಗಿನ ಅಂಗೈ. ಅವನು ಅವಳ ಎರಡು ಬೆರಳುಗಳನ್ನು ಹಿಡಿದು ಅಮುಕಿದ. "ಎರಡು ಹತ್ತಾ?" ಎಂದಳು ಮೆಲ್ಲಗೆ. ಅಲ್ಲ ಎನ್ನುವಂತೆ ಮತ್ತೆ ಅಮುಕಿದ. "ಎರಡೇ ರೂಪಾಯಾ? ಯಾಕಪ್ಪ, ಬಸ್ಸಿನೋನೂ ಇದಕ್ಕಿಂತ ಜಾಸ್ತಿ ತಗಳ್ತಾನೆ." "ನಾನು ಹೆಂಗೂ ಬರ್ತಿದ್ದೆ" ಎಂದ. ಅವಳು ಕೈ ಬಿಡಲಿಲ್ಲ. ಹೆಬ್ಬೆರಳಿನಿಂದ ಅವನ ಅಂಗೈಯನ್ನು ಒಂದು ಸಲ ಉಜ್ಜಿ ನೋಡಿದಳು. "ಮೆತ್ತಗೈತೆ" ಎಂದಳು. "ಕೋಲು ಹಿಡಿದ ಕೈ ಅಲ್ಲ ಬಿಡು." ಸೆರಗಿನ ಗಂಟು ಬಿಚ್ಚಿ ಎರಡು ನೋಟು ತೆಗೆದು ಅವನ ಕೈಯಲ್ಲಿಟ್ಟಳು. ಅವನು ಇಸಿದುಕೊಂಡ. ಬೇಡ ಎಂದಿದ್ದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತಿತ್ತು.

"ಹೆಸರೇನಪ್ಪ ನಿಂದು?"

"ಸಣ್ಣಪ್ಪ" ಎಂದ. ಯಾವ ಸಣ್ಣಪ್ಪ, ಎಲ್ಲಿಂದ ಬಂದ, ಅವನಿಗೇ ಗೊತ್ತಿಲ್ಲ.

"ಸಣ್ಣಪ್ಪ. ತಣ್ಣಗಿರಪ್ಪ. ನಿನ್ನ ಮಕ್ಳುಮರಿ ತಣ್ಣಗಿರ್ಲಿ. ಹಟ್ಟಿನಾಗೆ ಜುಂಜಪ್ಪ ದೇವ್ರಿಗೆ ಮೀಸ್ಲು ಹಾಲು ಎರೆಯೋವಾಗ ನಿನ್ನ ಹೆಸರೂ ಹೇಳ್ತೀನಿ" ಎಂದು ಅವಳು ಗಾಳಿಯಲ್ಲಿ ಕೈ ಎತ್ತಿದಳು. ಇಷ್ಟು ವರ್ಷ ದೇವರ ಎದುರು ಅವಳು ಯಾರ ಹೆಸರು ಹೇಳುತ್ತಿದ್ದಳು ಎಂದು ಅವನಿಗೆ ಗೊತ್ತಿತ್ತು. ಇಲ್ಲದ ಮನುಷ್ಯನೊಬ್ಬನಿಗೆ ಆಶೀರ್ವಾದ ಸಲ್ಲುವುದನ್ನು ಅವನು ಪಕ್ಕದಲ್ಲಿ ಕೂತು ನೋಡಿದ. ಗೇರಿಗೆ ಕೈ ಹಾಕಿದ, ಹೊರಟುಬಿಡಬೇಕು.

"ತಡಿಯಪ್ಪ" ಎಂದಳು ಕಾಟಮ್ಮ. "ಎಂಟನೇ ದಿನಕ್ಕೆ ಪಟ್ಟಿ ಬಿಚ್ತಾರಂತೆ. ಒಂಬತ್ತಕ್ಕೆ ಮನೀಗೆ ಕಳಿಸ್ತಾರೆ. ಜುಂಜ ಮಂದೆ ಬಿಟ್ಟು ಬರಕಾಗಲ್ಲ, ಆ ಡಾಕ್ಟ್ರನ್ನ ಕೇಳಕೆ ನನಗೆ ಮನಸ್ಸಿಲ್ಲ. ನೀನೇ ಬಂದು ಕರ್ಕಂಡ್ ಹೋಗ್ತೀಯಾ? ಆಗ ನನಗೆ ಕಣ್ಣು ಬಂದಿರ್ತೈತೆ. ನಿನ್ನ ಮುಖಾನೂ ನೋಡ್ದಂಗಾಗ್ತೈತೆ."

ಆಗುವುದಿಲ್ಲ ಎನ್ನಬಹುದು. ಆಗ ಅವಳು ಕಟ್ಟು ಬಿಚ್ಚಿದ ಹಸಿ ಕಣ್ಣಿನಲ್ಲಿ ಬಸ್ಸಿಗೆ ಕಾದು, ಕೈಮರದಿಂದ ಮೂರು ಮೈಲಿ ಧೂಳಿನಲ್ಲಿ ನಡೆದು ಹೋಗುತ್ತಾಳೆ.

"ಬರ್ತೀನಿ" ಎಂದ.

"ಬರ್ತಾನಂತೆ ಕಣೇ ನಾಗಿ. ನೋಡಿ ಗುರ್ತು ಇಟ್ಕ. ಆವತ್ತು ಜನದಾಗೆ ಯಾರಂತ ಹುಡುಕಾಣ, ನೀನೇ ನನಗೆ ತೋರಿಸ್ಬೇಕು" ಎಂದಳು ಕಾಟಮ್ಮ.

ನಾಗಕ್ಕ ಗಂಟನ್ನು ಕಂಕುಳಿಗೆ ಏರಿಸಿಕೊಂಡು, ಸೆರಗನ್ನು ಹಿಂದಕ್ಕೆ ಸರಿಸಿ, ಕಿಟಕಿಯ ಹತ್ತಿರ ಬಂದು ಅವನ ಮುಖವನ್ನು ಮರೆಯದ ಹಾಗೆ ನೋಡಿಕೊಂಡಳು.